ಹೋಟ್ಲು-ಬಾರಿನ ಕಸ: ಬೇರೆ ಮಾಡಿಟ್ಟಿದ್ದನ್ನ ಒಯ್ಯೋರು ಯಾರು?

ಮೀನೂಟದ ಮನೆ (ಸೋಮವಾರ, ರಾತ್ರಿ 11:40)
ಎಲ್ಲರಿಗೂ ನಮಸ್ಕಾರ. ಕಾರವಾರ-ಭಟ್ಕಳ ಹೆದ್ದಾರಿ ಬದಿಯ ಒಂದು ಪೇಟೇಲಿ ನಮ್ದು ಮೀನೂಟದ ಹೋಟ್ಲು, ಮೇಲ್ಗಡೆ ಸಿಎಲ್-9 ಲೈಸೆನ್ಸಿನ ಬಾರು, ಎರಡೂ ಸೇರಿ 60 ಜನ ಕೂರೋಷ್ಟು ಜಾಗ. ಊರಿನ ಹೆಸರು ಬೇಡ, ಯಾರ ಮೇಲೂ ದೂರು ಹೇಳೂಕೆ ಬರೀತಾ ಇಲ್ಲ. ಹೋದ ವಾರ ಕಸದ ಗಾಡಿಯವರು ನಮ್ಮ ಡಬ್ಬಿ ಮುಟ್ಟದೇ ಹಾಗೇ ಹೋದ್ರು, ಎಲ್ಲಾ ಕಲಸಿ ಇಟ್ಟಿದ್ದೀರಿ ಅಂದ್ರು, ಮಾರನೇ ದಿನ ನೋಟಿಸು ಬಂತು. ತಪ್ಪು ನಮ್ದೇ, ಒಪ್ಕೋತೇನೆ. ಅವತ್ತೇ ನಾಲ್ಕು ಡಬ್ಬಿ ತಂದಿಟ್ಟೆ. ಆದ್ರೆ ಡಬ್ಬಿ ಇಟ್ಟ ಮೇಲೆ ಗೊತ್ತಾಯ್ತು, ಡಬ್ಬಿ ಇಡೋದು ಸುಲಭದ ಕೆಲಸ, ಅದರೊಳಗಿಂದು ಎಲ್ಲಿಗೆ ಹೋಗ್ಬೇಕು ಅನ್ನೋದೇ ಕಷ್ಟ. ಮೀನಿನ ತಲೆ-ಕರುಳು-ಶೆಟ್ಲಿ (ಸಿಗಡಿ) ಸಿಪ್ಪೆ ಬಿಸಿಲಲ್ಲಿ ಎರಡು ತಾಸು ಇಟ್ರೆ ಅಕ್ಕಪಕ್ಕದವರು ಜಗಳಕ್ಕೆ ಬರ್ತಾರೆ, ಬಳಚು ಅನ್ನೋ ಚಿಪ್ಪುಮೀನಿನ ಚಿಪ್ಪು ಮೂಟೆಗಟ್ಲೆ, ಕರಿದ ಎಣ್ಣೆ, ಬಾಟ್ಲಿ, ಟೆಟ್ರಾ ಪ್ಯಾಕು, ಲಿಂಬು ಸಿಪ್ಪೆ, ಇದರ ಮೇಲೆ ಪಾತ್ರೆ ತೊಳೆದ ನೀರು ಹೋಗೋ ಇಂಗುಗುಂಡಿ ತುಂಬಿ ಹಿಂದಿನ ಓಣೀಲಿ ಹರೀತಾ ಇದೆ. ಬಾಕಿ ದಿನ ಒಟ್ಟು 45 ಕೆಜಿ ಕಸ ಆಗ್ತದೆ, ಶನಿವಾರ-ಭಾನುವಾರ 80ರ ಹತ್ರ. ಇದೇ ಕೆಲಸದಲ್ಲಿ ಇರೋರು ನೀವು ಏನು ಮಾಡ್ತೀರಿ, ಬಿಡಿಸಿ ಹೇಳಿ.

ಅಂಕೋಲೆ ಹುಡುಗ
ನಮ್ದೂ ಇದೇ ಕಥೆ ಅಣ್ಣಾ. ಫಾಲೋ ಮಾಡ್ತಾ ಇದ್ದೇನೆ.

ಕಾರವಾರ ವಾಕರ್
ಮೊದ್ಲು ಒಂದು ಮಾತು ಕೇಳ್ತೇನೆ, ಇಷ್ಟು ವರ್ಷ ಆ ಕಸ ಎಲ್ಲಿಗೆ ಹೋಗ್ತಿತ್ತು? ನಾನು ದಿನಾ ಬೆಳಿಗ್ಗೆ ಟ್ಯಾಗೋರ್ ಬೀಚಲ್ಲಿ ನಡೀತೇನೆ, ದಂಡೆ ಮೇಲೆ ಸಿಗೋದು ಚಮಚ, ಸ್ಟ್ರಾ, ಟೆಟ್ರಾ ಪ್ಯಾಕು, ಪಾರ್ಸಲ್ ಡಬ್ಬಿ. ಅದು ಸಮುದ್ರದಲ್ಲಿ ಹುಟ್ಟಿದ್ದಲ್ಲ.

ಮೀನೂಟದ ಮನೆ
ನಿಮ್ಮ ಸಿಟ್ಟು ಸರಿ ಇದೆ ಸರ್. ಗಾಡಿಗೇ ಹಾಕ್ತಿದ್ವಿ, ಗಾಡಿ ಬರದ ದಿನ ಹಿಂದೆ ಸುಡ್ತಿದ್ವಿ. ಈಗ ಬಿಟ್ಟಿದ್ದೇವೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್
ಸುಡೋದು ಬಿಟ್ಟಿದ್ದು ಒಳ್ಳೇದಾಯ್ತು. ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದ್ರೆ 25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಲ್ಲೇ ಹೇಳಿದೆ. ನಾನು ಬೇರೆ ಜಿಲ್ಲೇಲಿ ಆರೋಗ್ಯ ನಿರೀಕ್ಷಕನಾಗಿ ಇದ್ದವ, ಈಗ ನಿವೃತ್ತಿ ಆಗಿ ಕುಮಟೆ ಕಡೆ ಇದ್ದೇನೆ. ನಿಯಮದ ಬಗ್ಗೆ ಇಲ್ಲಿ ಗೊಂದಲ ಬೇಡ ಅಂತ ಬರೀತೇನೆ.

2016ರ ಘನತ್ಯಾಜ್ಯ ನಿಯಮದಲ್ಲಿ ಮೂರು ಭಾಗ ಇತ್ತು, ಹಸಿ, ಒಣ, ಮನೆಯ ಅಪಾಯಕಾರಿ ಕಸ. 2026ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಗೆ ಬಂದಿದೆ, ಅದರಲ್ಲಿ ನಾಲ್ಕು: ಹಸಿ, ಒಣ, ಸ್ಯಾನಿಟರಿ ಅಂದ್ರೆ ಪ್ಯಾಡು ಡೈಪರ್ ಇತ್ಯಾದಿ, ಮತ್ತೆ ವಿಶೇಷ ಜಾಗ್ರತೆ ಬೇಕಾದ್ದು ಅಂದ್ರೆ ಬಲ್ಬು, ಪೇಂಟ್ ಡಬ್ಬಿ, ಔಷಧಿ ಇಂಥಾವು. ದಿನಕ್ಕೆ 100 ಕೆಜಿ ಕಸ, ಅಥವಾ 40,000 ಲೀಟರ್ ನೀರು, ಅಥವಾ 20,000 ಚದರ ಮೀಟರ್ ಕಟ್ಟಡ, ಇದರಲ್ಲಿ ಯಾವುದಾದ್ರೂ ಒಂದು ದಾಟಿದ್ರೆ ನೀವು ದೊಡ್ಡ ಪ್ರಮಾಣದ ಉತ್ಪಾದಕರು, ಆಗ ಹಸಿ ಕಸದ ವಿಲೇವಾರಿ ಬಹುತೇಕ ನಿಮ್ಮದೇ ಜವಾಬ್ದಾರಿ. ನಿಮ್ಮ ಲೆಕ್ಕ ನೋಡಿದ್ರೆ ನೀವು ಅದರೊಳಗೆ ಬರೂದಿಲ್ಲ. ಆದ್ರೆ ಬೇರೆ ಮಾಡಿ ಕೊಡೋ ಕೆಲಸ ಒಂದು ಕೆಜಿ ಕಸ ಇದ್ದವನಿಗೂ ಇದೆ. ದಿನಾ ತೂಕ ಮಾಡಿ ಒಂದು ನೋಟ್ ಬುಕ್ಕಲ್ಲಿ ಬರೆದಿಡಿ, ನಾಳೆ ಯಾರಾದ್ರೂ ಬಂದು ನಿಮ್ದು 100 ದಾಟ್ತದೆ ಅಂದ್ರೆ ತೋರಿಸೂಕೆ ಆಗ್ತದೆ.

ಗೋಕರ್ಣ ಹೋಮ್‌ಸ್ಟೇ
ನಿಯಮ ಎಲ್ಲಾ ಸಣ್ಣವರಿಗೇ. ದೊಡ್ಡ ದೊಡ್ಡ ರೆಸಾರ್ಟಿನ ಹಿಂದಿನ ಗೇಟಲ್ಲಿ ಏನು ಹೊರಗೆ ಬರ್ತದೆ ಅಂತ ಯಾರೂ ನೋಡೂದಿಲ್ಲ. ಮತ್ತೆ ಕುಡ್ಲೆ ಬೀಚು, ಓಂ ಬೀಚಲ್ಲಿ ಬಾಟ್ಲಿ ಬಿಸಾಡೋದು ನಾವಲ್ಲ, ವೀಕೆಂಡಿಗೆ ಬರೋ ಹೊರಗಿನ ಗುಂಪು. ಅವರು ಮಾಡಿದ್ದಕ್ಕೆ ನಾವ್ಯಾಕೆ ಬೈಸ್ಕೋಬೇಕು?

ಕಾರವಾರ ವಾಕರ್
ಬಾಟ್ಲಿ ಅವರು ಬಿಸಾಡ್ತಾರೆ, ಒಪ್ಪಿದೆ. ಅವರಿಗೆ ಪ್ಲಾಸ್ಟಿಕ್ ಗ್ಲಾಸು, ಪಾರ್ಸಲ್ ಚೀಲ, ಚಮಚ ಕೊಟ್ಟು ಕಳಿಸಿದ್ದು ಯಾರು? ದುಡ್ಡು ತಗೊಳ್ಳೋವಾಗ ಗಿರಾಕಿ ನಮ್ಮವ, ಕಸ ಹಾಕೋವಾಗ ಹೊರಗಿನವ, ಇದು ನ್ಯಾಯ ಅಲ್ಲ.

ಗೋಕರ್ಣ ಹೋಮ್‌ಸ್ಟೇ
ನಾನು ಪ್ಲಾಸ್ಟಿಕ್ ಕೊಡೋದೇ ಇಲ್ಲ ಸರ್. 120 ಮೈಕ್ರಾನ್ ದಪ್ಪದ ಚೀಲ ಮಾತ್ರ, ಅದಕ್ಕೆ ಕಾನೂನಲ್ಲಿ ಅವಕಾಶ ಇದೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್
ಇಲ್ಲ ಮಾರಾಯ್ರೇ, ಇಲ್ಲೇ ಎಲ್ಲರೂ ತಪ್ತಾರೆ. 120 ಮೈಕ್ರಾನ್ ಅನ್ನೋದು ಕೇಂದ್ರದ ನಿಯಮ, 2022ರ ಡಿಸೆಂಬರ್ 31ರಿಂದ. ನಮ್ಮ ಕರ್ನಾಟಕ ಸರ್ಕಾರ ಅದಕ್ಕೂ ಮೊದಲೇ, 2016ರ ಮಾರ್ಚಲ್ಲಿ, ಕ್ಯಾರಿ ಬ್ಯಾಗು ಎಷ್ಟೇ ದಪ್ಪ ಇರ್ಲಿ ಬೇಡ ಅಂತ ಆದೇಶ ಮಾಡಿದೆ. ತಟ್ಟೆ, ಲೋಟ, ಚಮಚ, ಊಟದ ಟೇಬಲ್ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆ, ಥರ್ಮೋಕೋಲು ಎಲ್ಲಾ ಅದರಲ್ಲೇ ಬಂತು. ಮೇಲೆ 2022ರ ಜುಲೈ 1ರಿಂದ ದೇಶ ಪೂರ್ತಿ ಸ್ಟ್ರಾ, ಕಲಕೋ ಕಡ್ಡಿ, ಟ್ರೇ, ಸ್ವೀಟ್ ಬಾಕ್ಸಿಗೆ ಸುತ್ತೋ ಹಾಳೆ ಬಂದ್. ಬಾರಿನಲ್ಲಿ ಈ ಕಲಕೋ ಕಡ್ಡಿ ಇನ್ನೂ ನಡೀತಾ ಇದೆ, ಅದನ್ನ ಮೊದಲು ತೆಗೀರಿ.

ಗೋಕರ್ಣ ಹೋಮ್‌ಸ್ಟೇ
ಇದು ನಂಗೆ ಗೊತ್ತಿರ್ಲಿಲ್ಲ. ಚೀಲ ಮಾರುವವನೇ 120 ಅಂದ್ರೆ ಪರವಾಗಿಲ್ಲ ಅಂದಿದ್ದ. ನಾಳೆಯಿಂದ ಬಟ್ಟೆ ಚೀಲ, ಇಲ್ಲ ಗಿರಾಕಿ ಡಬ್ಬಿ ತರ್ಬೇಕು.

ಶಿರಸಿ ಅಡುಗೆಭಟ್ಟ
ನಾನು ಮದುವೆ ಮುಂಜಿ ಅಡುಗೆ ಮಾಡ್ಸೋನು, 25 ವರ್ಷ ಆತು. ಮೊದಲು ನಮ್ಮಲ್ಲಿ ಕಸ ಅಂತ ಒಂದು ಇರ್ಲೇ ಇಲ್ಲ. ಬಾಳೆ ಎಲೆ ದನಕ್ಕೆ, ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ತರಕಾರಿ ಸಿಪ್ಪೆ ಗೊಬ್ಬರ ಗುಂಡಿಗೆ, ಲೋಟ ಸ್ಟೀಲಿಂದು, ತೊಳೆಯೋಕೆ ನಾಲ್ಕು ಹೆಂಗಸರು. ಈಗ ಏನಾಯ್ತು ಅಂದ್ರೆ ಎಲೆ ತುದೀಲಿ 200 ಎಂಎಲ್ ನೀರಿನ ಬಾಟ್ಲಿ ಇಡ್ಲೇಬೇಕು ಅಂತ ಮನೆಯವರ ಹಠ, ಅರ್ಧ ಕುಡಿದು ಬಿಡ್ತಾರೆ, ಅದು ಎಲೆ ಜೊತೆ ಸುತ್ಕೊಂಡು ಗುಂಡಿಗೆ ಹೋಗ್ತದೆ, ಒಂದು ಐಸ್‌ಕ್ರೀಮ್ ಕಪ್ಪು ಅದಕ್ಕೊಂದು ಚಮಚ, ಆಮೇಲೆ ದನಕ್ಕೆ ಹಾಕೂಕೆ ಬರೂದಿಲ್ಲ. ಒಂದು ಸಲ ನಮ್ಮ ನೆಂಟರ ಮನೆ ದನ ಹೊಟ್ಟೆ ಉಬ್ಬರಿಸಿ ಸತ್ತಿತ್ತು, ಡಾಕ್ಟ್ರು ಕೊಯ್ದು ನೋಡಿದ್ರೆ ಒಳಗೆ ಪ್ಲಾಸ್ಟಿಕ್ ಗಂಟು. ಅವತ್ತಿಂದ ನನ್ನ ಕರಾರು ಒಂದೇ, ಬಾಟ್ಲಿ ಇಡ್ತೀರಿ ಅಂದ್ರೆ ಅಡುಗೆಗೆ ಬೇರೆಯವರನ್ನ ನೋಡ್ಕೊಳ್ಳಿ. ಎರಡು ಮದುವೆ ಕೈ ತಪ್ತು, ತೊಂದ್ರೆ ಇಲ್ಲೆ.

ಅಕ್ಕೋರು ಹೊನ್ನಾವರ
ಭಟ್ರೇ, ನಿಮ್ಮ ಕೈ ಅಡುಗೆ ಉಂಡಿಲ್ಲ, ಆದ್ರೆ ಈ ಮಾತಿಗೆ ಕೈ ಮುಗೀತೇನೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್
ಇನ್ನೊಂದು, ಲೈಸೆನ್ಸ್ ಇರೋ ಹಾಲ್ ಬಿಟ್ಟು ಬೇರೆ ಕಡೆ 100ಕ್ಕಿಂತ ಹೆಚ್ಚು ಜನ ಸೇರೋ ಊಟ ಇಟ್ಕೊಂಡ್ರೆ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸ್ಬೇಕು, 2016ರಿಂದಲೇ ಇದೆ. ಮನೆ ಅಂಗಳದ ಮದುವೇಲಿ ಯಾರೂ ತಿಳಿಸೂದಿಲ್ಲ. ತಿಳಿಸಿದ್ರೆ ಗಾಡಿ ಕಳಿಸೋ ಜವಾಬ್ದಾರಿ ಅವರಿಗೂ ಬರ್ತದೆ.

ಅಂಕೋಲೆ ಹುಡುಗ
ಪೇಪರ್ ಕಪ್ ಪರವಾಗಿಲ್ವಾ ಹಂಗಾದ್ರೆ? ನಮ್ಮ ಚಾ ಅಂಗಡೀಲಿ ಪ್ಲಾಸ್ಟಿಕ್ ಬಿಟ್ಟು ಅದಕ್ಕೇ ಹೋಗಿದ್ದೇವೆ.

ಅಕ್ಕೋರು ಹೊನ್ನಾವರ
ಪೇಪರ್ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರ್ತದೆ ತಮ್ಮಾ, ಇಲ್ಲದಿದ್ರೆ ಚಾ ಸೋರಿ ಹೋಗ್ತಿತ್ತು. ಖರಗಪುರ ಐಐಟಿಯವರು ಪರೀಕ್ಷೆ ಮಾಡಿದ್ದಾರೆ, 100 ಎಂಎಲ್ ಬಿಸಿ ನೀರು 15 ನಿಮಿಷ ಅದರಲ್ಲಿ ಇದ್ರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡ್ತದಂತೆ. ಮೇಲಾಗಿ ಅದು ರದ್ದಿಗೂ ಹೋಗೂದಿಲ್ಲ, ಗೊಬ್ಬರಕ್ಕೂ ಆಗೂದಿಲ್ಲ. ಗಾಜಿನ ಲೋಟಕ್ಕೆ ವಾಪಸ್ ಬನ್ನಿ, ಬಿಸಿ ನೀರಲ್ಲಿ ತೊಳೀರಿ.

ತೋಟದ ಮಾಣಿ
ಹಾಳೆ ತಟ್ಟೆ ಯಾಕೆ ಯಾರೂ ಹೇಳ್ತಾ ಇಲ್ಲೆ? ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ಹಾಳೆಗೆ ಏನು ಬರ?

ಗೋಕರ್ಣ ಹೋಮ್‌ಸ್ಟೇ
ಅಮೆರಿಕದಲ್ಲಿ ಹಾಳೆ ತಟ್ಟೆ ಬಂದ್ ಮಾಡಿದಾರೆ ಅಂತ ಓದಿದ್ದೆ. ನಮ್ಮ ಹೋಮ್‌ಸ್ಟೇಗೆ ಬಂದ ಒಬ್ಬಾಕೆ ತಟ್ಟೆ ನೋಡಿ ಬೇಡ ಅಂದ್ಲು.

ತೋಟದ ಮಾಣಿ
ಹೌದು, 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆ ಊಟಕ್ಕೆ ಮಾರಬೇಡಿ ಅಂತ ಹೇಳಿತು, ಅಡಿಕೆಯಲ್ಲಿರೋ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಊಟಕ್ಕೆ ಇಳೀಬಹುದು ಅನ್ನೋದು ಅವರ ಕಾರಣ. ತಟ್ಟೆ ಹೊಡೆಯೋ ಘಟಕ ಇಟ್ಟವರಿಗೆ ದೊಡ್ಡ ಪೆಟ್ಟು ಬಿತ್ತು. ಇಲ್ಲಿ ನಿಷೇಧ ಇಲ್ಲ. ನನ್ನ ಅಭಿಪ್ರಾಯ, ದಿನಾ ಊಟಕ್ಕೆ ಸ್ಟೀಲ್ ತಟ್ಟೆ, ಸಮಾರಂಭಕ್ಕೆ ಬಾಳೆ ಎಲೆ. ಹಾಳೆ ತಟ್ಟೆ ಜಾತ್ರೆ, ಪ್ರಸಾದ ಹಂಚೋಕೆ, ಒಂದು ಸಲಕ್ಕೆ. ಯಾವ ತಟ್ಟೆ ಆದ್ರೂ ಒಂದೇ ಸಲ ಬಳಸಿ ಬಿಸಾಡ್ತೀವಿ ಅಂದ್ರೆ ಅದು ಕಸವೇ.

ಶಿರಸಿ ಅಡುಗೆಭಟ್ಟ
ಜಾತ್ರೆ ಅಂದಕೂಡ್ಲೆ ನೆನಪಾತು, ಮಾರಿಕಾಂಬಾ ಜಾತ್ರೇಲಿ ಎರಡು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ, ರಸ್ತೆ ತುಂಬಾ ತಿಂಡಿ ಅಂಗಡಿ. ರಾತ್ರಿ 2 ಗಂಟೆಗೆ ಕಸ ಗುಡಿಸೋರನ್ನ ನೋಡಿದ್ರೆ ಕರುಳು ಚುರ್ ಅಂತದೆ.

ಅಘನಾಶಿನಿ ಅಕ್ಕ
ಮೀನಿನ ಕಸಕ್ಕೆ ಬರ್ತೇನೆ, ಅದು ಯಾರೂ ಹೇಳ್ಲಿಲ್ಲ. ಮೀನಿನ ತಲೆ ಕರುಳು ಕಸ ಅಂತ ಯಾಕೆ ಕರೀತೀರಿ? ನಮ್ಮ ಅಜ್ಜನ ಕಾಲದಲ್ಲಿ ತಾರ್ಲೆ (ಬೂತಾಯಿ) ಮೀನು ಹೆಚ್ಚಾದ್ರೆ ತೆಂಗಿನ ಬುಡಕ್ಕೇ ಹಾಕ್ತಿದ್ರು, ಅದರಷ್ಟು ಒಳ್ಳೆ ಗೊಬ್ಬರ ಯಾವ ಅಂಗಡೀಲೂ ಸಿಗೂದಿಲ್ಲ. ಬುಡದಿಂದ ನಾಲ್ಕೈದು ಅಡಿ ದೂರ, ಎರಡು ಅಡಿ ಆಳ ಹೊಂಡ, ಮೀನು ಹಾಕಿ ಮೇಲೆ ಬೂದಿ ಒಂದು ಬುಟ್ಟಿ ಆಮೇಲೆ ಮಣ್ಣು. ಆಳ ಕಮ್ಮಿ ಮಾಡಿದ್ರೆ ನಾಯಿ ಕೆದರ್ತಾವೆ, ನೆನಪಿಡಿ. ಪೇಟೆಯಿಂದ ಮೂರು ಕಿಲೋಮೀಟರಲ್ಲಿ ತೆಂಗಿನ ತೋಟ ಇದ್ದವರು ಹತ್ತು ಜನ ಸಿಗ್ತಾರೆ, ಕೇಳಿ ನೋಡಿ. ಮುಚ್ಚಳ ಗಟ್ಟಿ ಇರೋ ಡ್ರಮ್ಮು ಎರಡು ಇಟ್ಕೊಳ್ಳಿ, ಒಂದು ಹೋದಾಗ ಇನ್ನೊಂದು ಬರ್ಲಿ. ಮಧ್ಯಾಹ್ನದ್ದು ಮಧ್ಯಾಹ್ನವೇ ಹೋಗ್ಬೇಕು, ರಾತ್ರಿದು ಇಡೋದಾದ್ರೆ ಹಳೇ ಫ್ರೀಜರ್ ಒಂದು ಅದಕ್ಕೇ ಅಂತ ಬಿಡಿ.

ಬಳಚು ಚಿಪ್ಪು ಅಂತೂ ದುಡ್ಡು. ಅದು ಪೂರ್ತಿ ಸುಣ್ಣ. ನಮ್ಮ ಅಘನಾಶಿನಿ ಹೊಳೇಲಿ ನೂರಾರು ಮನೆ ಹೆಂಗಸರು ಮೊಣಕಾಲು ನೀರಲ್ಲಿ ನಿಂತು ಕೈಯಲ್ಲಿ ಆರಿಸಿ ತರೋ ಬಳಚು ಅದು, 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಅಂತ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶ ಅಂತ ಮಾನ್ಯತೆ ಸಿಕ್ಕಿತು. ಅದೇ ಹೊಳೆಗೆ ಹೋಟ್ಲಿನ ಕಸ ತಂದು ಸುರೀತಾರೆ ಅಂದ್ರೆ ಹೊಟ್ಟೆ ಉರೀತದೆ. ಚಿಪ್ಪು ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ, ಮಾಂಸ ಅಂಟಿದ್ರೆ ನಾರ್ತದೆ. ಸುಣ್ಣ ಸುಡೋರು ಒಯ್ತಾರೆ, ಕೋಳಿ ಸಾಕೋರು ಪುಡಿ ಮಾಡಿ ಹಾಕ್ತಾರೆ, ತೋಟದ ಹುಳಿ ಮಣ್ಣಿಗೂ ಆಗ್ತದೆ.

ಮೀನೂಟದ ಮನೆ
ಅಕ್ಕಾ ಇದು ಬಹಳ ಉಪಕಾರ ಆಯ್ತು. ತೆಂಗಿನ ತೋಟದ ವಿಚಾರ ನಮ್ಮ ಆಯಿ ಹೇಳ್ತಾ ಇದ್ರು, ನಾನು ಕಿವಿ ಮೇಲೆ ಹಾಕ್ಕೊಂಡಿರ್ಲಿಲ್ಲ.

ಎಣ್ಣೆದು ಹೇಳ್ತೇನೆ, ಬೈಬೇಡಿ. ಒಬ್ಬ ಡಬ್ಬ ತಗೊಂಡು ಬಂದು ಕರಿದ ಎಣ್ಣೆ ಒಯ್ತಾನೆ, ದುಡ್ಡು ಕೊಡ್ತಾನೆ. ಎಲ್ಲಿಗೆ ಅಂತ ನಾನು ಕೇಳಿಲ್ಲ.

ಅಕ್ಕೋರು ಹೊನ್ನಾವರ
ಕೇಳ್ಬೇಕಿತ್ತು. ಬಸ್ ಸ್ಟ್ಯಾಂಡ್ ಹತ್ರ ಕಮ್ಮಿ ರೇಟಲ್ಲಿ ಬಜ್ಜಿ ಕರಿಯೋ ಗಾಡಿಗೆ ಹೋಗ್ತದೆ ಅದು, ನಮ್ಮ ಶಾಲೆ ಮಕ್ಕಳು ತಿಂತಾರೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್
ಅಕ್ಕೋರು ಹೇಳಿದ್ದು ಎಲ್ಲಾ ಕಡೆ ನಿಜ ಅಲ್ಲ, ಸಾಬೂನು ಮಾಡೋರೂ ಒಯ್ತಾರೆ. ಆದ್ರೆ ಗೊತ್ತಿಲ್ಲದವನಿಗೆ ಕೊಡೋದು ತಪ್ಪೇ. ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರ ಜುಲೈಯಿಂದ ಒಂದು ಮಿತಿ ಇಟ್ಟಿದೆ, ಎಣ್ಣೇಲಿ ಟೋಟಲ್ ಪೋಲಾರ್ ಕಾಂಪೌಂಡ್, ಅಂದ್ರೆ ಎಣ್ಣೆ ಕಾದು ಕೆಟ್ಟಾಗ ಹುಟ್ಟೋ ಅಂಶ, ಶೇ 25 ದಾಟಿದ್ರೆ ಆ ಎಣ್ಣೆ ಅಡುಗೆಗೆ ಬಳಸೋ ಹಾಗಿಲ್ಲ. ಕರಿದಷ್ಟೂ ಅದು ಏರ್ತಾ ಹೋಗ್ತದೆ. ಎಣ್ಣೆ ಕಪ್ಪಾಗೋದು, ನೊರೆ ಬರೋದು, ಬೇಗ ಹೊಗೆ ಏಳೋದು ಇದೆಲ್ಲ ಲಕ್ಷಣ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಕರಿಯೋಕೆ ಬಳಸೋರು ದಾಖಲೆ ಇಡ್ಬೇಕು. ಬಳಸಿದ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ ಮಾಡೋರಿಗೆ ಕೊಡೋಕೆ ರುಕೋ ಅಂತ ಯೋಜನೆ ಅದೇ ವರ್ಷ ಶುರುವಾಗಿದೆ, ನೋಂದಾಯಿತ ಸಂಗ್ರಹಕಾರರಿಗೇ ಕೊಟ್ಟು ಚೀಟಿ ಇಸ್ಕೊಳ್ಳಿ. ನಾಲ್ಕೈದು ಹೋಟ್ಲಿನವರು ಸೇರಿ ಒಂದೇ ಕಡೆ ಕೂಡಿಟ್ರೆ ದೂರದಿಂದಲೂ ಬರ್ತಾರೆ, ಒಬ್ಬರ 15 ಲೀಟರಿಗೆ ಯಾರೂ ಬರೂದಿಲ್ಲ.

ಮೀನೂಟದ ಮನೆ
ಕೂಡಿಡೋದು ಒಳ್ಳೇ ಉಪಾಯ. ನಮ್ಮ ಸಾಲಲ್ಲೇ ಆರು ಹೋಟ್ಲು ಇದೆ. ಇನ್ನು ಆ ಡಬ್ಬದವನಿಗೆ ಕೊಡೂದಿಲ್ಲ.

ಬಾಟ್ಲಿ ವ್ಯಾಪಾರ
ಬಾರಿನ ವಿಚಾರ ನಾ ಹೇಳ್ತೇನೆ, 18 ವರ್ಷದಿಂದ ಗುಜರಿ ಮಾಡ್ತಾ ಇದ್ದೇನೆ. ಬಿಯರ್ ಬಾಟ್ಲಿ ತೊಂದ್ರೆಯೇ ಇಲ್ಲ, ಒಡೆಯದೇ ಕೇಸಿನಲ್ಲಿ ಇಟ್ರೆ ನಾವು ಎಣಿಸಿ ದುಡ್ಡು ಕೊಟ್ಟು ಒಯ್ತೇವೆ, ತೊಳೆದು ಮತ್ತೆ ತುಂಬಿಸ್ತಾರೆ. ಬಾಟ್ಲಿ ಒಳಗೆ ಸಿಗರೇಟ್ ತುಂಡು ಹಾಕ್ಬೇಡಿ ಅಂತ ಟೇಬಲ್ ಒರೆಸೋ ಹುಡುಗರಿಗೆ ಹೇಳಿ, ಅಷ್ಟೇ ಸಾಕು. ಒಡೆದ ಗಾಜು ಬೇರೆ, ಅದು ತೂಕಕ್ಕೆ ಹೋಗ್ತದೆ, ರೇಟು ಏನೂ ಇಲ್ಲ.

ತೊಂದ್ರೆ ಇರೋದು ಟೆಟ್ರಾ ಪ್ಯಾಕಲ್ಲಿ. ನಮ್ಮ ರಾಜ್ಯದಲ್ಲಿ ಕಮ್ಮಿ ರೇಟಿನ ಸರಾಯಿ 90, 180 ಎಂಎಲ್ ಪ್ಯಾಕಲ್ಲೇ ಬರೋದು. ಅದರಲ್ಲಿ ನಾಲ್ಕನೇ ಮೂರು ಭಾಗ ಕಾಗದ, ಉಳಿದದ್ದು ಪ್ಲಾಸ್ಟಿಕ್ಕು ಮತ್ತೆ ತೆಳು ಅಲ್ಯೂಮಿನಿಯಂ, ಮೂರೂ ಒಂದಕ್ಕೊಂದು ಅಂಟಿಕೊಂಡಿರ್ತದೆ. ಬೇರೆ ಮಾಡೋ ಕಾರ್ಖಾನೆ ದೂರ, ಖಾಲಿ ಪ್ಯಾಕು ಗಾಳಿ ಹಾಗೆ ಹಗುರ, ಒಂದು ಟೆಂಪೋ ತುಂಬಿದ್ರೂ ಬಾಡಿಗೆ ಹುಟ್ಟೂದಿಲ್ಲ. ಚಪ್ಪಟೆ ಮಾಡಿ ಕಟ್ಟಿಟ್ರೆ ಮಾತ್ರ ಯಾರಾದ್ರೂ ಒಯ್ತಾರೆ.

ನೀಲಗಿರೀಲಿ ಒಳ್ಳೇ ಕೆಲಸ ಮಾಡಿದಾರೆ. 2022ರಿಂದ ಅಲ್ಲಿ ಬಾಟ್ಲಿಗೆ 10 ರೂಪಾಯಿ ಹೆಚ್ಚು ತಗೊಳ್ತಾರೆ, ಖಾಲಿ ಬಾಟ್ಲಿ ವಾಪಸ್ ಕೊಟ್ರೆ ಆ 10 ರೂಪಾಯಿ ವಾಪಸ್. ಹಾಗಾದ್ರೆ ಯಾರೂ ಕಾಡಲ್ಲಿ ಒಡೆಯೂದಿಲ್ಲ, ಬಿಸಾಡಿದ್ರೂ ಇನ್ನೊಬ್ಬ ಹೆಕ್ಕಿ ತರ್ತಾನೆ. ನಮ್ಮಲ್ಲೂ ಪ್ಯಾಕಿಗೆ 5 ರೂಪಾಯಿ ಇಟ್ರೆ ದಂಡೆ ಮೇಲೆ ಒಂದೂ ಉಳಿಯೂದಿಲ್ಲ, ಬರೆದಿಟ್ಕೊಳ್ಳಿ.

ಕಾರವಾರ ವಾಕರ್
ಇದನ್ನ ಜಿಲ್ಲೆಯ ಎಲ್ಲಾ ಬಾರಿನವರು ಸೇರಿ ಸರ್ಕಾರಕ್ಕೆ ಕೇಳ್ಬೇಕು. ನೀವು ಬರೆದ್ರೆ ನಾನು ಸಹಿ ಹಾಕ್ತೇನೆ, ನಮ್ಮ ವಾಕಿಂಗ್ ಗುಂಪಿನ 30 ಜನರದ್ದೂ ಸಹಿ ತರ್ತೇನೆ. ಹೊನ್ನಾವರ ಹತ್ರದ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಸ್ವಚ್ಛ ದಂಡೆಗೆ ಕೊಡೋ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ತು, ಅಲ್ಲಿ ಆಗೋದು ಉಳಿದ ದಂಡೇಲಿ ಯಾಕಾಗೂದಿಲ್ಲ?

ಅಂಕೋಲೆ ಹುಡುಗ
ಬ್ಲೂ ಫ್ಲ್ಯಾಗ್ ಬೀಚಿಗೆ ಟಿಕೆಟ್ ಇದೆ, ಸಿಬ್ಬಂದಿ ಇದ್ದಾರೆ. ನಮ್ಮೂರ ದಂಡೆಗೆ ಯಾರಿದ್ದಾರೆ.

ಅಕ್ಕೋರು ಹೊನ್ನಾವರ
ನಮ್ಮ ಕಡೆ ದಂಡೆಗೆ ಕಡಲಾಮೆ ಮೊಟ್ಟೆ ಇಡೂಕೆ ಬರ್ತಾವೆ. ತೆಳು ಪ್ಲಾಸ್ಟಿಕ್ ಚೀಲ ನೀರಲ್ಲಿ ತೇಲಿದ್ರೆ ಅಂಬಲಿ ಮೀನು ಅಂತ ತಿಳಿದು ತಿಂತಾವೆ ಅವು. ವಿಷಯ ಬಿಟ್ಟು ಹೋದೆ, ಕ್ಷಮಿಸಿ, ಆದ್ರೆ ಇದು ಮನಸ್ಸಲ್ಲಿ ಇತ್ತು.

ಕುಮಟಾ ಪ್ಲಂಬರ್
ಇಂಗುಗುಂಡಿ ತುಂಬಿ ಹರೀತದೆ ಅಂದ್ರಲ್ಲ, ಗುಂಡಿದು ತಪ್ಪಲ್ಲ, ಜಿಡ್ಡಿಂದು. ಮೀನು ಸಾರಿನ ತೆಂಗಿನೆಣ್ಣೆ, ಕರಿದ ಎಣ್ಣೆ ಎಲ್ಲಾ ಪಾತ್ರೆ ಜೊತೆ ಇಳಿದು ಗುಂಡಿ ಗೋಡೆಗೆ ಮೇಣದ ಹಾಗೆ ಅಂಟ್ತದೆ, ಆಮೇಲೆ ನೀರು ಇಂಗೂದಿಲ್ಲ. ಗುಂಡಿ ದೊಡ್ಡದು ಮಾಡಿದ್ರೂ ಮತ್ತೆ ಅದೇ.

ಸಿಂಕಿಗೂ ಗುಂಡಿಗೂ ಮಧ್ಯೆ ಗ್ರೀಸ್ ಟ್ರ್ಯಾಪ್ ಹಾಕ್ಸಿ. ದೊಡ್ಡ ಮಶಿನ್ ಏನಲ್ಲ, ಇಟ್ಟಿಗೆ ಸಿಮೆಂಟಲ್ಲಿ ಎರಡು ಮೂರು ಖಾನೆ ಇರೋ ಸಣ್ಣ ತೊಟ್ಟಿ. ನೀರು ಒಳಗೆ ಬಂದು ನಿಧಾನ ಆಗ್ತದೆ, ಜಿಡ್ಡು ಹಗುರ ಇರೋದ್ರಿಂದ ಮೇಲೆ ತೇಲ್ತದೆ, ಅನ್ನದ ಅಗುಳು ಕೆಳಗೆ ಕೂರ್ತದೆ, ಮಧ್ಯದ ತಿಳಿ ನೀರು ಮಾತ್ರ ಹೊರಗೆ ಹೋಗ್ತದೆ. ಅದಕ್ಕೇ ಹೊರಗೆ ಹೋಗೋ ಪೈಪಿನ ಬಾಯಿ ಯಾವಾಗ್ಲೂ ನೀರಿನ ಒಳಗೆ ಕೆಳಮುಖ ಇರ್ಬೇಕು, ಟಿ (T) ಆಕಾರದ ಪೈಪು ಹಾಕಿ ಇಳಿಸಿ. ಮೇಲ್ಮಟ್ಟದಲ್ಲೇ ಪೈಪ್ ಇಟ್ಟವರ ತೊಟ್ಟಿ ನಾನು ಎಷ್ಟೋ ನೋಡಿದ್ದೇನೆ, ಜಿಡ್ಡು ಸೀದಾ ಹೊರಗೆ. ಮೇಲಿನ ಜಿಡ್ಡು, ಕೆಳಗಿನ ರಾಡಿ ಎರಡೂ ಸೇರಿ ತೊಟ್ಟಿ ಆಳದ ಕಾಲು ಭಾಗ ಆಯ್ತು ಅಂದ್ರೆ ತೆಗೀಲೇಬೇಕು, ನಿಮ್ಮಷ್ಟು ವ್ಯಾಪಾರಕ್ಕೆ ವಾರಕ್ಕೊಂದು ಸಲ. ಕುದಿಯೋ ನೀರು ಸುರೀಬೇಡಿ, ಜಿಡ್ಡು ಕರಗಿ ದಾಟಿ ಹೋಗಿ ಮುಂದೆ ಪೈಪಲ್ಲಿ ಗಟ್ಟಿ ಆಗ್ತದೆ.

ಎಲ್ಲಕ್ಕಿಂತ ಮುಖ್ಯ, ತಟ್ಟೆ ಸಿಂಕಿಗೆ ಹೋಗೋ ಮೊದಲು ಎಂಜಲು ಕೆರೆದು ಹಸಿ ಡಬ್ಬಿಗೆ ಹಾಕಿ, ಬಾಣಲೆ ಕಾಗದದಲ್ಲಿ ಒರೆಸಿ. ನಮ್ಮ ಕರಾವಳಿಯ ಮರಳು ಮಣ್ಣು, ನಿಮ್ಮ ಗುಂಡಿ ನೀರು ಪಕ್ಕದ ಮನೆ ಬಾವಿಗೆ ಹೋಗೂಕೆ ತಡ ಆಗೂದಿಲ್ಲ.

ಗೋಕರ್ಣ ಹೋಮ್‌ಸ್ಟೇ
ಈ ಕೊನೇ ಸಾಲು ಎಲ್ಲರೂ ಓದ್ಬೇಕು. ನಮ್ಮ ಬಾವೀಲಿ ಎಣ್ಣೆ ಪದರ ಬಂದಾಗ್ಲೇ ನಂಗೆ ಬುದ್ಧಿ ಬಂದಿದ್ದು.

ತೋಟದ ಮಾಣಿ
ಹಸಿ ಕಸಕ್ಕೆ ಗೋಬರ್ ಗ್ಯಾಸ್ ಯೋಚನೆ ಮಾಡಿ. ನಮ್ಮ ಘಟ್ಟದ ಮೇಲೆ ಮನೆ ಮನೇಲೂ ಇದೆ, ಸಗಣಿ ಮಾತ್ರ ಬೇಕು ಅಂತಿಲ್ಲ. ನನ್ನ ಭಾವ ಶಿರಸಿ ಹತ್ರ ಒಂದು ಮೆಸ್ ನಡೆಸ್ತಾನೆ, ದಿನಕ್ಕೆ 30 ಕೆಜಿ ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಹಾಕ್ತಾನೆ, ಸುಮಾರು 3 ಘನ ಮೀಟರ್ ಗ್ಯಾಸ್ ಬರ್ತದೆ. ತಿಂಗಳಿಗೆ 19 ಕೆಜಿಯ ಎರಡು ಸಿಲಿಂಡರ್ ಉಳೀತದೆ. ಹೊರಗೆ ಬರೋ ಸ್ಲರಿ ಅಡಿಕೆ ತೋಟಕ್ಕೆ.

ಆದ್ರೆ ಶುರುವಲ್ಲಿ ಮೂರು ಸಲ ನಿಂತು ಹೋಗಿತ್ತು. ಲಿಂಬು, ಹುಣಸೆ ಹುಳಿ, ಉಪ್ಪಿನಕಾಯಿ, ಮಜ್ಜಿಗೆ ಎಲ್ಲಾ ಒಟ್ಟಿಗೆ ಸುರೀತಾ ಇದ್ದ, ಒಳಗೆ ಹುಳಿ ಜಾಸ್ತಿ ಆಗಿ ಗ್ಯಾಸ್ ಮಾಡೋ ಸೂಕ್ಷ್ಮಾಣು ಸತ್ತು ಹೋದವು. ಉರಿ ಹತ್ತೂದಿಲ್ಲ, ವಾಸನೆ ಬೇರೆ. ಆಮೇಲೆ ಒಂದು ವಾರ ಏನೂ ಹಾಕದೇ ಸಗಣಿ ನೀರು ಮಾತ್ರ ಹಾಕಿ, ಸ್ವಲ್ಪ ಸುಣ್ಣದ ತಿಳಿ ಹಾಕಿದ ಮೇಲೆ ಸರಿ ಆಯ್ತು. ಈಗ ಲಿಂಬು ಸಿಪ್ಪೆ, ಮೊಟ್ಟೆ ಸಿಪ್ಪೆ, ಮೂಳೆ ಬೇರೆ. ಹೊಟ್ಟೆ ಅಂತ ತಿಳ್ಕೊಳ್ಳಿ ಅದನ್ನ, ನಮಗೆ ಅಜೀರ್ಣ ಆಗೋದು ಅದಕ್ಕೂ ಆಗ್ತದೆ.

ಜಾಗ ಇಲ್ಲದಿದ್ರೆ ಕಾಂಪೋಸ್ಟ್. ಅದಕ್ಕೆ ಮಳೆಗಾಲದ ತೊಂದ್ರೆ ಇದೆ, ನಮ್ಮ ಜಿಲ್ಲೆ ಮಳೇಲಿ ಹಸಿ ಕಸ ಕೊಳೆತು ಹುಳ ಬೀಳ್ತದೆ. ಬೇಸಿಗೇಲಿ ದರಕು ಅಂದ್ರೆ ಒಣಗಿ ಉದುರಿದ ಎಲೆ ಗುಡಿಸಿ ಹತ್ತು ಚೀಲ ಕೂಡಿಡಿ, ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ದರಕು, ಮಳೆ ಬೀಳದ ಹಾಗೆ ಮೇಲೊಂದು ಮಾಡು ಇರ್ಲಿ. ನಮ್ಮವರು ಬೆಟ್ಟದ ಸೊಪ್ಪು ದರಕು ಯಾಕೆ ಕೊಟ್ಟಿಗೆಗೆ ಹಾಸ್ತಿದ್ರು ಅಂತ ಆಗ ಅರ್ಥ ಆಗ್ತದೆ.

ಅಂಕೋಲೆ ಹುಡುಗ
ಹೋಟ್ಲಿನ ಎಂಜಲು ಹಂದಿ ಸಾಕೋರಿಗೆ ಕೊಡಬಹುದಾ?

ಹಳೇ ಹೆಲ್ತ್ ಇನ್‌ಸ್ಪೆಕ್ಟರ್
ಹಸಿಯಾಗೇ ಕೊಟ್ರೆ ರೋಗ ಹರಡ್ತದೆ, ಆಫ್ರಿಕನ್ ಹಂದಿ ಜ್ವರ ಬಂದ್ರೆ ಅವರ ಹಂದಿ ಪೂರ್ತಿ ಹೋಗ್ತದೆ. ಚೆನ್ನಾಗಿ ಕುದಿಸಿ ಕೊಡೋರು ಅಂತ ಗೊತ್ತಿದ್ರೆ ಮಾತ್ರ.

ಗಾಡಿ ಅಕ್ಕ
ನಾನು ಒಂದು ಪಂಚಾಯ್ತೀಲಿ ಸ್ವಚ್ಛ ವಾಹಿನಿ ಅನ್ನೋ ಕಸದ ಗಾಡಿ ಓಡಿಸೋಳು, ಸ್ವಸಹಾಯ ಸಂಘದಿಂದ ಬಂದವಳು. ನಿಮ್ಮ ಡಬ್ಬಿ ಬಿಟ್ಟು ಹೋದವರು ನಾವಲ್ಲ, ಆದ್ರೆ ಯಾಕೆ ಬಿಡ್ತೇವೆ ಅಂತ ಯಾರೂ ಕೇಳಿಲ್ಲ, ಅದಕ್ಕೆ ಬರೀತೇನೆ.

ಹೋಟ್ಲಿನ ಡಬ್ಬಿಗೆ ಕೈ ಹಾಕೂಕೆ ಹೆದರಿಕೆ ಆಗ್ತದೆ. ಅನ್ನ ಸಾರಿನ ಒಳಗೆ ಒಡೆದ ಬಾಟ್ಲಿ ಇರ್ತದೆ, ಮೇಲಿಂದ ಕಾಣೂದಿಲ್ಲ. ಹೋದ ವರ್ಷ ನನ್ನ ಜೊತೆಗಾರ್ತಿಗೆ ಅಂಗೈ ಸೀಳಿ ಆರು ಹೊಲಿಗೆ ಬಿತ್ತು, ಎರಡು ತಿಂಗಳು ಮನೇಲಿ ಕೂತ್ಲು. ಕೈಗವಸು ಇದ್ರೂ ಗಾಜು ನಿಲ್ಲೂದಿಲ್ಲ. ಹಲ್ಲುಕಡ್ಡಿ, ಏಡಿ ಕೊಂಬು, ಮೀನು ಮುಳ್ಳು, ಅದರ ಮೇಲೆ ಯಾರೋ ಸುತ್ತಿ ಇಟ್ಟ ಪ್ಯಾಡು. ಕಲಸಿದ್ದನ್ನ ನಾವು ತಗೊಂಡ್ರೆ ಘಟಕದಲ್ಲಿ ಕೂತು ಬೇರೆ ಮಾಡೋದೂ ನಾವೇ. ನೀವು ಅಡುಗೆ ಮನೇಲಿ ಒಂದು ಸೆಕೆಂಡಲ್ಲಿ ಮಾಡೋ ಕೆಲಸ ನಮಗೆ ಅರ್ಧ ದಿನ.

ಒಡೆದ ಗಾಜು ದಪ್ಪ ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಗಾಜು ಅಂತ ದೊಡ್ಡದಾಗಿ ಬರೀರಿ. ಟಾಯ್ಲೆಟ್ಟಿನ ಡಬ್ಬಿ ಬೇರೆ ಇರ್ಲಿ, ಕಾಗದದಲ್ಲಿ ಸುತ್ತಿ ಗುರುತು ಮಾಡಿ. ಒಣ ಕಸ ಒಣವಾಗೇ ಇರ್ಲಿ, ಹಾಲಿನ ಪ್ಯಾಕೆಟ್ ತೊಳೆದಿಡಿ. ಹಸಿ ಡಬ್ಬಿ ಒಬ್ಬಳು ಎತ್ತೋಷ್ಟೇ ಇರ್ಲಿ, 50 ಕೆಜಿ ಡ್ರಮ್ಮು ಇಟ್ರೆ ಎತ್ತೋರು ಯಾರು? ಬೆಳಿಗ್ಗೆ ಗಾಡಿ ಬಂದಾಗ ಒಬ್ಬ ಹುಡುಗ ಹೊರಗೆ ಬಂದು ಇದು ಇಂಥಾದ್ದು ಅಂತ ಹೇಳಿದ್ರೆ ನಮಗೂ ಮನುಷ್ಯರ ಹಾಗೆ ಅನಿಸ್ತದೆ.

ಶಿರಸಿ ಅಡುಗೆಭಟ್ಟ
ತಂಗೀ, ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು.

ಮೀನೂಟದ ಮನೆ
ಅಕ್ಕಾ, ನಾಳೆ ಬೆಳಿಗ್ಗೆ ನಾನೇ ಡಬ್ಬಿ ಹತ್ರ ನಿಲ್ತೇನೆ. ಹುಡುಗರಿಗೆ ನಿಮ್ಮ ಪೋಸ್ಟ್ ಓದಿ ಹೇಳ್ತೇನೆ. ನಮ್ಮ ಅಡುಗೆಯವರು ಒಡಿಶಾದವರು, ನೇಪಾಳದವರು, ಕನ್ನಡ ಬರೂದಿಲ್ಲ, ಬೋರ್ಡ್ ಬರೆದು ಹಾಕಿದ್ರೆ ಓದೋರೇ ಇಲ್ಲ, ಅದಕ್ಕೆ ಡಬ್ಬಿ ಮೇಲೆ ಚಿತ್ರ ಅಂಟಿಸ್ತೇನೆ.

ಮೀನೂಟದ ಮನೆ (ಮೂರು ವಾರದ ನಂತರ)
ಏನಾಯ್ತು ಅಂತ ಹೇಳೋದು ನನ್ನ ಕರ್ತವ್ಯ. ಮೀನಿನ ಕಸ ಇಬ್ಬರು ತೆಂಗಿನ ತೋಟದವರು ಸರದಿ ಮೇಲೆ ಒಯ್ತಾ ಇದ್ದಾರೆ, ಒಬ್ಬರು ತಿರುಗಿ ಬರೋವಾಗ ಸೀಯಾಳ ತಂದು ಕೊಡ್ತಾರೆ. ಚಿಪ್ಪು ಒಣಗಿಸಿ 11 ಚೀಲ ಆಗಿದೆ, ಸುಣ್ಣದವರು ಮಳೆ ಮೊದಲು ಬರ್ತೇನೆ ಅಂದಿದ್ದಾರೆ. ಎಣ್ಣೆಗೆ ಆರು ಹೋಟ್ಲಲ್ಲಿ ನಾಲ್ಕು ಒಪ್ಪಿವೆ, ಇಬ್ಬರು ಡಬ್ಬದವನಿಗೇ ಕೊಡ್ತೇವೆ ಅಂತಾರೆ, ಅವರ ಜೊತೆ ಮಾತು ನಡೀತಾ ಇದೆ. ಗ್ರೀಸ್ ಟ್ರ್ಯಾಪ್ ಕಟ್ಟಿಸಿದೆ, ಮೊದಲ ವಾರ ಮುಚ್ಚಳ ತೆಗೆದಾಗ ಮೇಲೆ ಬಂದಿದ್ದ ಜಿಡ್ಡು ನೋಡಿ ನಮ್ಮ ತಮ್ಮನೇ ಬೆಚ್ಚಿ ಬಿದ್ದ, ಇಷ್ಟೂ ನೆಲಕ್ಕೆ ಹೋಗ್ತಿತ್ತಲ್ಲ ಅಂದ. ಓಣೀಲಿ ನೀರು ಹರಿಯೋದು ನಿಂತಿದೆ, ಪಕ್ಕದ ಮನೆಯವರು ಮಾತಾಡ್ಸ್ತಾ ಇದ್ದಾರೆ.

ಗಾಡಿಗೆ ಈಗ ದಿನಕ್ಕೆ 20 ಕೆಜಿ ಮಾತ್ರ ಹೋಗೋದು, ನೋಟ್ ಬುಕ್ಕಲ್ಲಿ ಬರೀತಾ ಇದ್ದೇನೆ. ಆಗದೇ ಉಳಿದಿದ್ದು ಟೆಟ್ರಾ ಪ್ಯಾಕು. ಚಪ್ಪಟೆ ಮಾಡಿ ಒಂಬತ್ತು ಕಟ್ಟು ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ, ಒಯ್ಯೋರು ಸಿಕ್ಕಿಲ್ಲ. ಅರ್ಜಿ ಬರೆದಿದ್ದೇನೆ, ಸಹಿಗೆ ಕಳಿಸ್ತೇನೆ.

ಬಾಟ್ಲಿ ವ್ಯಾಪಾರ
20 ಕಟ್ಟು ಆದಾಗ ಹೇಳಿ, ಉಳಿದ ಬಾರಿಂದೂ ಸೇರಿಸಿ ಹುಬ್ಬಳ್ಳಿಗೆ ಹೋಗೋ ಖಾಲಿ ಲಾರೀಲಿ ಹಾಕಿಸ್ತೇನೆ.

ಕಾರವಾರ ವಾಕರ್
ಅರ್ಜಿ ಕಳಿಸಿ. ಮೊದಲ ದಿನ ಗಡುಸಾಗಿ ಬರೆದಿದ್ದೆ, ಆ ಮಾತಿಗೆ ಈಗಲೂ ನಿಲ್ತೇನೆ, ಆದ್ರೆ ನಿಮ್ಮಂಥವರು ಇನ್ನೂ ಹತ್ತು ಜನ ಬೇಕು.

ಗಾಡಿ ಅಕ್ಕ
ಮಳೆ ಬಂತು ಅಂದ್ರೆ ಹಸಿ ಡಬ್ಬಿಗೆ ನೀರು ತುಂಬ್ತದೆ, ಮುಚ್ಚಳ ಹಾಕ್ಸಿ, ಮೇಲೊಂದು ಶೀಟಿನ ಮಾಡು ಇರ್ಲಿ. ಇಲ್ಲದಿದ್ರೆ ಎತ್ತೂಕೆ ಆಗೂದಿಲ್ಲ.

ಮೀನೂಟದ ಮನೆ
ಶೀಟು ಇವತ್ತೇ ತಂದೆ ಅಕ್ಕಾ. ನಾಳೆ ಹಾಕ್ತೇವೆ.